ನೆರವು ಎಲ್ಲಿಂದ ಹೊರಡುತ್ತದೆ: ಕಾರಿನ ರಸ್ತೆಬದಿ ನೆರವೂ ಮೈಸೂರಿನ ಪಶ್ಚಿಮದ ತಾಲೂಕುಗಳೂ

ಕಾರಿನ ವಿಮೆಯನ್ನು ವರ್ಷಕ್ಕೊಮ್ಮೆ ನವೀಕರಿಸುವಾಗ ಮಾಲೀಕರ ಮುಂದೆ ಬರುವ ಆಯ್ಕೆಗಳಲ್ಲಿ ರಸ್ತೆಬದಿ ನೆರವು, ಅಂದರೆ ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ ಮೆಕ್ಯಾನಿಕ್‌ನನ್ನು ಕಳುಹಿಸುವ ಅಥವಾ ಗಾಡಿಯನ್ನು ಎಳೆದೊಯ್ದು ವರ್ಕ್‌ಶಾಪ್ ಮುಟ್ಟಿಸುವ ಕರಾರು, ಅಗ್ಗದ ಬಾಬ್ತುಗಳಲ್ಲೊಂದು; ಅಗ್ಗವಾಗಿರುವುದರಿಂದಲೇ ಅದರ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ಏಜೆಂಟರು ಸೇರಿಸಿದ್ದರೆ ಇರಲಿ ಎಂದುಕೊಂಡು, ಸೇರಿಸದಿದ್ದರೆ ಕೇಳದೆ ಹಣ ಕಟ್ಟುವುದು ವಾಡಿಕೆಯಾಗಿದೆ. ದೊಡ್ಡ ನಗರದಲ್ಲಿ ಈ ಉದಾಸೀನದಿಂದ ಆಗುವ ನಷ್ಟ ಚಿಕ್ಕದು, ಏಕೆಂದರೆ ಅಲ್ಲಿ ಯಾವ ಕಂಪನಿಯನ್ನು ಆರಿಸಿದರೂ ನೆರವಿನ ವಾಹನ ಕೆಲವೇ ಕಿಲೋಮೀಟರ್ ಅಳತೆಯಲ್ಲಿ ಸಿಗುತ್ತದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಹಾಗಿಲ್ಲ. ಇಲ್ಲಿ ಒಂದೇ ಬೆಲೆಯ ಎರಡು ಕರಾರುಗಳಲ್ಲಿ ಒಂದು ಉಪಯೋಗಕ್ಕೆ ಬರಬಹುದು, ಇನ್ನೊಂದು ಕಾಗದದಲ್ಲೇ ಉಳಿಯಬಹುದು. ಆದ್ದರಿಂದ ಈ ಭಾಗದ ಮಾಲೀಕರು ಬೆಲೆಯನ್ನೂ ಕಂಪನಿಯ ಹೆಸರನ್ನೂ ಎರಡನೆಯ ಸಾಲಿಗೆ ಸರಿಸಿ, ನೆರವು ಎಲ್ಲಿಂದ ಹೊರಡುತ್ತದೆ ಮತ್ತು ಗಾಡಿಯನ್ನು ಎಷ್ಟು ದೂರ ಎಳೆಯುತ್ತದೆ ಎಂಬ ಎರಡು ಪ್ರಶ್ನೆಗಳಿಂದ ತಮ್ಮ ಆಯ್ಕೆಯನ್ನು ಆರಂಭಿಸಬೇಕೆಂಬುದು ಈ ಲೇಖನದ ವಾದ.

ಮೊದಲು ವಿಮೆಗೂ ರಸ್ತೆಬದಿ ನೆರವಿಗೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಂ ಪ್ರತಿ ವಾಹನಕ್ಕೂ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುತ್ತದೆ. ಅದರ ಜೊತೆಗೆ ಸ್ವಂತ ಗಾಡಿಗಾದ ಹಾನಿಯನ್ನೂ ಸೇರಿಸಿ ಕೊಳ್ಳುವ ಸಮಗ್ರ ಪಾಲಿಸಿಯನ್ನು ಜನ ಫುಲ್ ಇನ್ಷೂರೆನ್ಸ್ ಎನ್ನುತ್ತಾರೆ. ಆದರೆ ಈ ಸಮಗ್ರ ಪಾಲಿಸಿಯೂ ಅಪಘಾತ, ಬೆಂಕಿ, ಕಳವು, ಪ್ರವಾಹದಂಥ ಘಟನೆಗಳಿಗೆ ಸಂಬಂಧಿಸಿದ್ದೇ ಹೊರತು, ಸವಕಳಿಯನ್ನೂ ಯಾಂತ್ರಿಕ ಮತ್ತು ವಿದ್ಯುತ್ ದೋಷಗಳನ್ನೂ ಅದರ ಷರತ್ತುಗಳೇ ಹೊರಗಿಡುತ್ತವೆ. ಬ್ಯಾಟರಿ ಇಳಿದರೆ, ಕ್ಲಚ್ ಪ್ಲೇಟ್ ಸುಟ್ಟರೆ, ಫ್ಯಾನ್ ಬೆಲ್ಟ್ ಹರಿದು ಎಂಜಿನ್ ಬಿಸಿಯಾದರೆ ಮೂಲ ಪಾಲಿಸಿ ಏನನ್ನೂ ಕೊಡುವುದಿಲ್ಲ. ಅಪಘಾತವಾದ ಗಾಡಿಯನ್ನು ಹತ್ತಿರದ ವರ್ಕ್‌ಶಾಪ್‌ಗೆ ಸಾಗಿಸುವ ಖರ್ಚಿಗೂ 2002ರ ಭಾರತೀಯ ಮೋಟಾರು ಸುಂಕಪಟ್ಟಿಯ ಪಾಲಿಸಿ ಮಾದರಿ ಖಾಸಗಿ ಕಾರಿಗೆ ನಿಗದಿ ಮಾಡಿದ ಮಿತಿ 1,500 ರೂಪಾಯಿ. ಹೀಗೆ ಕೆಟ್ಟು ನಿಂತ ಗಾಡಿಗೂ ವಿಮೆಗೂ ನಡುವೆ ಉಳಿಯುವ ಅಂತರವನ್ನು ತುಂಬಲೆಂದೇ ಹೆಚ್ಚುವರಿ ಹಣಕ್ಕೆ ಆ್ಯಡ್ ಆನ್ ರೂಪದಲ್ಲಿ ಅಥವಾ ಬೇರೆಯದೇ ಸೇವೆಯಾಗಿ ರಸ್ತೆಬದಿ ನೆರವು ಮಾರಾಟವಾಗುತ್ತದೆ.

ಈ ಸೇವೆಯ ಮೂಲ ವಿಮೆಯಲ್ಲಿಲ್ಲ, ಸಂಘಜೀವನದಲ್ಲಿದೆ. ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ, ಜರ್ಮನಿಯ ಎಡಿಎಸಿ 1903ರಲ್ಲಿ ವಾಹನ ಮಾಲೀಕರ ಒಕ್ಕೂಟಗಳಾಗಿ ಹುಟ್ಟಿದವು. ಭಾರತದಲ್ಲಿಯೂ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್, ಚೆನ್ನೈಯ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸದರ್ನ್ ಇಂಡಿಯಾದಂಥ ಸಂಸ್ಥೆಗಳು ಇದೇ ಮಾದರಿಯಲ್ಲಿ ಬೆಳೆದವು. ಸದಸ್ಯರು ಚಂದಾ ಕಟ್ಟುತ್ತಾರೆ, ಸಂಘ ರಸ್ತೆಗಳಲ್ಲಿ ತನ್ನ ನೆರವಿನವರನ್ನು ಇಟ್ಟಿರುತ್ತದೆ, ಕಷ್ಟಕ್ಕೆ ಸಿಕ್ಕಿದ ಸದಸ್ಯನ ಬಳಿಗೆ ಅವರು ಹೋಗುತ್ತಾರೆ ಎಂಬುದು ಇದರ ತತ್ವ. ಈ ಹಿನ್ನೆಲೆಯಿಂದ ಒಂದು ಮುಖ್ಯವಾದ ಅಂಶ ತಿಳಿಯುತ್ತದೆ. ವಿಮೆಯ ಬೆಲೆ ನಷ್ಟವಾದ ಮೇಲೆ ಸಿಗುವ ಹಣದಲ್ಲಿದ್ದರೆ, ರಸ್ತೆಬದಿ ನೆರವಿನ ಬೆಲೆ ಆ ಹೊತ್ತಿಗೆ ಆ ಜಾಗಕ್ಕೆ ಬರುವ ಮನುಷ್ಯನಲ್ಲಿದೆ. ಹಣವನ್ನು ಮುಂಬಯಿಯಿಂದ ಕಳುಹಿಸಿದರೂ ಆಗುತ್ತದೆ. ಎಳೆಯುವ ಲಾರಿಯನ್ನು ಹತ್ತಿರದ ಊರಿನಿಂದಲೇ ಕಳುಹಿಸಬೇಕು. ಆದ್ದರಿಂದ ಕಂಪನಿಯ ಬಂಡವಾಳ, ಜಾಹೀರಾತು, ಕ್ಲೇಮು ತೀರಿಸಿದ ಪ್ರಮಾಣ ಮುಂತಾದ, ವಿಮೆಯನ್ನು ಅಳೆಯಲು ಬಳಸುವ ಮಾನದಂಡಗಳಿಂದ ರಸ್ತೆಬದಿ ನೆರವನ್ನು ಅಳೆಯಲು ಬರುವುದಿಲ್ಲ.

ಇಂದಿನ ವ್ಯವಸ್ಥೆಯಲ್ಲಿ ಈ ಸೇವೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ. ಮಾಲೀಕರಿಂದ ಹಣ ಪಡೆಯುವುದು ವಿಮಾ ಕಂಪನಿ ಅಥವಾ ಕಾರು ತಯಾರಕರು. ಫೋನ್ ಕರೆಯನ್ನು ಎತ್ತಿಕೊಂಡು ನಿರ್ವಹಿಸುವುದು ಅವರು ಗೊತ್ತುಮಾಡಿದ ಮತ್ತೊಂದು ಸೇವಾ ಸಂಸ್ಥೆಯ ಕಾಲ್ ಸೆಂಟರ್. ರಸ್ತೆಗೆ ಬರುವುದು ಆ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿರುವ ಸ್ಥಳೀಯ ಟೋಯಿಂಗ್ ಗಾಡಿಯವರು ಅಥವಾ ಗ್ಯಾರೇಜಿನವರು. ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಒಂದನೆಯದು, ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬೆಲೆಯ ಕರಾರುಗಳ ಹಿಂದೆ ಒಬ್ಬರೇ ಟೋಯಿಂಗ್ ಗಾಡಿಯ ಮಾಲೀಕರು ಇರಬಹುದು. ಹಾಗಿದ್ದಾಗ ಹೆಚ್ಚು ಹಣ ಕೊಟ್ಟವರಿಗೆ ಬೇಗ ಬರುವ ಲಾರಿ ಸಿಗುವುದಿಲ್ಲ. ಎರಡನೆಯದು, ಸ್ಥಳೀಯರಿಗೆ ಪ್ರತಿ ಕರೆಗೆ ಅಥವಾ ಓಡಿಸಿದ ಕಿಲೋಮೀಟರಿಗೆ ಇಷ್ಟೆಂದು ಹಣ ಸಂದಾಯವಾಗುವುದರಿಂದ, ನಗರದ ಒಳಗಿನ ಸಣ್ಣ ಕರೆಗಳು ಲಾಭದಾಯಕವಾಗಿ ಕಾಣುತ್ತವೆ, ದೂರದ ಹಳ್ಳಿಯ ಕರೆ ರಾತ್ರಿ ಹೊತ್ತಿನಲ್ಲಿ ಹೊರೆಯಾಗಿ ಕಾಣುತ್ತದೆ. ಹಳ್ಳಿಯ ಕಡೆಗೆ ನೆರವು ತಡವಾಗುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ವ್ಯವಹಾರದ ಲೆಕ್ಕಾಚಾರವೇ ಸಾಕು.

ಈ ಲೆಕ್ಕಾಚಾರವನ್ನು ಮೈಸೂರಿನ ಪಶ್ಚಿಮದ ಭೂಗೋಳದ ಮೇಲೆ ಇಟ್ಟು ನೋಡಬೇಕು. ಬೆಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿ ಮೈಸೂರು ದಾಟಿದ ಮೇಲೆ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಗಳ ಮೂಲಕ ಕುಶಾಲನಗರದ ಕಡೆಗೆ ಸಾಗುತ್ತದೆ. ಬಿಳಿಕೆರೆಯ ಬಳಿ ಕವಲೊಡೆಯುವ ರಸ್ತೆ ಕೆ.ಆರ್. ನಗರದ ಮೇಲೆ ಹೊಳೆನರಸೀಪುರ, ಹಾಸನಗಳಿಗೆ ಹೋಗುತ್ತದೆ. ಇನ್ನೊಂದು ದಿಕ್ಕಿನಲ್ಲಿ ಮೈಸೂರು–ಮಾನಂದವಾಡಿ ರಸ್ತೆ ಹಂಪಾಪುರ, ಹ್ಯಾಂಡ್‌ಪೋಸ್ಟ್, ಅಂತರಸಂತೆಗಳನ್ನು ದಾಟಿ ನಾಗರಹೊಳೆಯ ಕಾಡನ್ನು ಹೊಕ್ಕು ಬಾವಲಿಯಲ್ಲಿ ಕೇರಳದ ಗಡಿ ಮುಟ್ಟುತ್ತದೆ. ಈ ನಾಲ್ಕು ಪಟ್ಟಣಗಳಲ್ಲಿ ರೈಲು ನಿಲ್ದಾಣವಿರುವುದು ಮೈಸೂರು–ಹಾಸನ ಮಾರ್ಗದ ಕೆ.ಆರ್. ನಗರಕ್ಕೆ ಮಾತ್ರ, ಉಳಿದ ಮೂರು ಕಡೆ ಆಸ್ಪತ್ರೆ, ಕಾಲೇಜು, ಕಚೇರಿ, ಮದುವೆ ಯಾವುದಕ್ಕೂ ರಸ್ತೆಯೇ ಗತಿ. ಹೆದ್ದಾರಿಯ ಮೇಲೆ ನಿಂತ ಗಾಡಿಗೆ ಹೋಗಿಬರುವವರಾದರೂ ಸಿಗುತ್ತಾರೆ. ಹುಣಸೂರಿನಿಂದ ಆನೆಚೌಕೂರು, ಮತ್ತಿಗೋಡು, ತಿತಿಮತಿ ಮೂಲಕ ಗೋಣಿಕೊಪ್ಪಕ್ಕೆ ಹೋಗುವ ಕಾಡುದಾರಿಯಲ್ಲಿ, ಕಬಿನಿ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ಅಷ್ಟೂ ಖಾತರಿಯಿಲ್ಲ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಆನೆ ದಾಟುವ ಜಾಗಗಳಲ್ಲಿ ಗಾಡಿಯಿಂದ ಇಳಿಯುವುದೇ ಅಪಾಯ. ನಾಗರಹೊಳೆಯ ಒಳಗೆ ಹಾದುಹೋಗುವ ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿರುವುದರಿಂದ, ಸಂಜೆ ಐದರ ಸುಮಾರಿಗೆ ಅಲ್ಲಿ ಕೆಟ್ಟುನಿಂತ ಕಾರಿಗೆ ಮೈಸೂರಿನಿಂದ ಹೊರಟ ಲಾರಿ ಗೇಟು ಮುಚ್ಚುವ ಮೊದಲು ತಲುಪುವುದು ಕಷ್ಟ. ಅಂಥ ಹೊತ್ತಿನಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನವರೇ ಮೊದಲ ಆಸರೆ.

ಇಲ್ಲಿ ಕರಾರಿನ ಅತ್ಯಂತ ಮುಖ್ಯ ಷರತ್ತು ಮುಂದೆ ಬರುತ್ತದೆ, ಅದೇ ಎಳೆಯುವ ದೂರದ ಮಿತಿ. ಉಚಿತವಾಗಿ ಇಂತಿಷ್ಟು ಕಿಲೋಮೀಟರ್ ವರೆಗೆ ಎಳೆಯಲಾಗುವುದು, ಅದರ ಮೇಲಿನ ದೂರಕ್ಕೆ ಮಾಲೀಕರೇ ಹಣ ಕೊಡಬೇಕು ಎಂದು ಹಲವು ಕರಾರುಗಳು ಹೇಳುತ್ತವೆ. ಮಿತಿ 50 ಕಿಲೋಮೀಟರ್ ಎಂದಿಟ್ಟುಕೊಂಡರೆ, ಮೈಸೂರಿನಿಂದ ಸುಮಾರು 40 ಕಿಲೋಮೀಟರಿನ ಕೆ.ಆರ್. ನಗರ ಮತ್ತು ಸುಮಾರು 45 ಕಿಲೋಮೀಟರಿನ ಹುಣಸೂರು ಅದರೊಳಗೆ ಬರುತ್ತವೆ, ಎಚ್.ಡಿ. ಕೋಟೆ ಅಂಚಿನಲ್ಲಿ ನಿಲ್ಲುತ್ತದೆ, 70 ಕಿಲೋಮೀಟರಿಗೆ ಹತ್ತಿರವಿರುವ ಪಿರಿಯಾಪಟ್ಟಣ ಹೊರಗುಳಿಯುತ್ತದೆ, 80ರ ಆಸುಪಾಸಿನ ಬೈಲಕುಪ್ಪೆಯೂ ಗಡಿಯ ಬಾವಲಿಯೂ ಇನ್ನಷ್ಟು ಹೊರಗೆ. ಹಲವು ಕಾರು ಕಂಪನಿಗಳ ಅಧಿಕೃತ ಸರ್ವಿಸ್ ಸೆಂಟರ್‌ಗಳು ಮೈಸೂರು ನಗರದಲ್ಲಿಯೇ ಇರುವುದರಿಂದ ಈ ಅಂತರ ಮಾಲೀಕರ ಜೇಬಿಗೆ ನೇರವಾಗಿ ತಟ್ಟುತ್ತದೆ. ಮೂರು ವಿವರಗಳನ್ನು ಇಲ್ಲಿ ಬಿಡಿಸಿ ಕೇಳಬೇಕು: ಮಿತಿಯ ಎಣಿಕೆ ಗಾಡಿ ನಿಂತ ಜಾಗದಿಂದ ಆರಂಭವಾಗುತ್ತದೆಯೋ, ಅಥವಾ ಟೋಯಿಂಗ್ ಲಾರಿ ತನ್ನ ಶೆಡ್ಡಿನಿಂದ ಹೊರಟಲ್ಲಿಂದಲೋ, ಗಾಡಿಯನ್ನು ಒಯ್ಯುವುದು ಅಧಿಕೃತ ಸರ್ವಿಸ್ ಸೆಂಟರಿಗೆ ಮಾತ್ರವೋ, ಅಥವಾ ಮಾಲೀಕರು ಹೇಳಿದ ಗ್ಯಾರೇಜಿಗೂ ಆದೀತೋ, ಮಿತಿ ಮೀರಿದ ದೂರಕ್ಕೆ ಕಿಲೋಮೀಟರಿಗೆ ಎಷ್ಟು ದರ. ಲಾರಿ ಹೊರಟ ಜಾಗದಿಂದ ಎಣಿಕೆ ಶುರುವಾದರೆ, ಮೈಸೂರಿನಿಂದ ಪಿರಿಯಾಪಟ್ಟಣಕ್ಕೆ ಬಂದು ಮರಳುವ ಸುಮಾರು 140 ಕಿಲೋಮೀಟರಿನಲ್ಲಿ ಉಚಿತವಾದ 50 ಕಿಲೋಮೀಟರ್ ಲಾರಿ ಕಾರನ್ನು ಮುಟ್ಟುವ ಮೊದಲೇ ತೀರಿಹೋಗುತ್ತದೆ. ಅದೇ ಕಾರನ್ನು ಪಿರಿಯಾಪಟ್ಟಣದ ಅಥವಾ ಹುಣಸೂರಿನ ನಂಬಿಕೆಯ ಗ್ಯಾರೇಜಿಗೆ ಒಯ್ಯಲು ಕರಾರು ಒಪ್ಪಿದರೆ ಚಿಕ್ಕ ಮಿತಿಯೂ ಸಾಕಾಗುತ್ತದೆ. ಹೀಗಾಗಿ ಕಿಲೋಮೀಟರಿನ ಸಂಖ್ಯೆಯನ್ನು ಒಂಟಿಯಾಗಿ ಹೋಲಿಸುವುದಕ್ಕಿಂತ, ಅದನ್ನು ತಮ್ಮ ಊರಿಗೂ ತಮ್ಮ ಗ್ಯಾರೇಜಿಗೂ ಜೋಡಿಸಿ ಹೋಲಿಸುವುದು ವಿವೇಕ.

ಕರಾರಿನ ಉಳಿದ ಸೇವೆಗಳಿಗೆ ಎಷ್ಟು ಮಹತ್ವ ಕೊಡಬೇಕು ಎಂಬುದಕ್ಕೆ ವಿಮೆಯ ಮೂಲತತ್ವವೇ ಉತ್ತರ ಹೇಳುತ್ತದೆ. ಅಪರೂಪಕ್ಕೆ ಬರುವ, ಬಂದರೆ ತಡೆಯಲಾಗದಷ್ಟು ದೊಡ್ಡದಾಗುವ ನಷ್ಟವನ್ನು ಹಲವರು ಹಂಚಿಕೊಳ್ಳುವುದು ವಿಮೆ. ಆಗಾಗ ಬರುವ ಸಣ್ಣ ಖರ್ಚನ್ನು ಹಂಚಿಕೊಳ್ಳುವುದರಿಂದ ಯಾರಿಗೂ ದೊಡ್ಡ ಲಾಭವಿಲ್ಲ. ಪಂಕ್ಚರ್ ಆದ ಚಕ್ರ ಬದಲಿಸಿಕೊಡುವುದು, ಇಳಿದ ಬ್ಯಾಟರಿಗೆ ಜಂಪ್ ಸ್ಟಾರ್ಟ್ ಕೊಡುವುದು, ಪೆಟ್ರೋಲ್ ಮುಗಿದರೆ ಕೆಲವು ಲೀಟರ್ ತಂದುಕೊಡುವುದು, ಕೀ ಒಳಗೇ ಉಳಿದು ಲಾಕ್ ಆದ ಬಾಗಿಲನ್ನು ತೆಗೆಸುವುದು ಮುಂತಾದವು ಮಾಹಿತಿ ಪತ್ರದಲ್ಲಿ ಉದ್ದದ ಪಟ್ಟಿಯಾಗಿ ಕಾಣುತ್ತವೆ. ಇವುಗಳಲ್ಲಿ ಬಹಳಷ್ಟನ್ನು ಗಾಳಿ ತುಂಬಿದ ಸ್ಟೆಪ್ನಿ, ಒಂದು ಜಾಕು, ಜಂಪರ್ ಕೇಬಲ್ ಇಟ್ಟುಕೊಂಡವರು ದಾರಿಹೋಕರ ಸಹಾಯದಿಂದ ಅಥವಾ ಹತ್ತಿರದ ಪಂಕ್ಚರ್ ಅಂಗಡಿಯವರಿಂದ ನಿಭಾಯಿಸಬಹುದು. ನಿಜವಾಗಿ ದುಬಾರಿಯಾಗುವುದು, ಒಬ್ಬರ ಕೈಲಾಗದ್ದು, ಗಾಡಿಯನ್ನು ಹಾನಿಯಾಗದಂತೆ ಬಹುದೂರ ಸಾಗಿಸುವ ಕೆಲಸ. ರಾತ್ರಿಯಲ್ಲಿ ಮಕ್ಕಳು, ವೃದ್ಧರೊಂದಿಗೆ ಸಿಕ್ಕಿಬಿದ್ದಾಗ ಮುಂದಿನ ಪ್ರಯಾಣಕ್ಕೆ ಬೇರೆ ವಾಹನದ ಏರ್ಪಾಡು ಅದರ ನಂತರದ್ದು. ಆದ್ದರಿಂದ ಪಟ್ಟಿ ಚಿಕ್ಕದಿದ್ದರೂ ಎಳೆಯುವ ಷರತ್ತು ಗಟ್ಟಿಯಾಗಿರುವ ಕರಾರು ಈ ತಾಲೂಕುಗಳಲ್ಲಿ ಹೆಚ್ಚು ಬೆಲೆಬಾಳುತ್ತದೆ.

ಈ ವಾದಕ್ಕೆ ಬಲವಾದ ಒಂದು ಎದುರು ಮಾತಿದೆ. ಪ್ರತಿ ಊರಿನಲ್ಲೂ ಪರಿಚಯದ ಮೆಕ್ಯಾನಿಕ್ ಇದ್ದಾನೆ, ಅವನ ಮೊಬೈಲ್ ನಂಬರ್ ಇದೆ, ಎಲ್ಲಿ ನಿಂತರೂ ಬೈಕ್ ಹತ್ತಿ ಬರುತ್ತಾನೆ, ಹೀಗಿರುವಾಗ ಯಾವುದೋ ದೂರದ ಕಾಲ್ ಸೆಂಟರಿಗೆ ಹಣ ಕಟ್ಟುವುದೇಕೆ ಎಂದು ಅನೇಕರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ತಾಲೂಕಿನೊಳಗೇ ಓಡಾಡುವ, ಹಳೆಯ, ಸರಳ ಎಂಜಿನ್ನಿನ ಗಾಡಿಯಿರುವವರಿಗೆ ಈ ಏರ್ಪಾಡು ಯಾವ ಕರಾರಿಗಿಂತಲೂ ಉತ್ತಮವಾಗಿರಬಹುದು, ಅಂಥವರು ರಸ್ತೆಬದಿ ನೆರವು ಬೇಡವೆಂದರೆ ಅದು ತಪ್ಪು ನಿರ್ಧಾರವಲ್ಲ. ಆದರೆ ಈ ಭರವಸೆಗೆ ಮೂರು ಗಡಿಗಳಿವೆ. ಪರಿಚಯದ ಮೆಕ್ಯಾನಿಕ್‌ನ ವ್ಯಾಪ್ತಿ ಅವನ ಊರಿನ ಸುತ್ತಮುತ್ತ ಮಾತ್ರ. ಧರ್ಮಸ್ಥಳಕ್ಕೋ ಬೆಂಗಳೂರಿನ ಆಸ್ಪತ್ರೆಗೋ ಹೊರಟ ಕುಟುಂಬಕ್ಕೆ ಅವನು ಒದಗಿಬರಲಾರ. ಎರಡನೆಯದಾಗಿ, ಆಟೊಮ್ಯಾಟಿಕ್ ಗೇರಿನ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಹಾಗೂ ವಿದ್ಯುತ್ ಚಾಲಿತ ಕಾರುಗಳನ್ನು ಚಕ್ರ ಉರುಳಿಸುತ್ತ ಹಗ್ಗ ಕಟ್ಟಿ ಎಳೆದರೆ ಗೇರ್‌ಬಾಕ್ಸ್‌ಗೂ ಮೋಟಾರಿಗೂ ಹಾನಿಯಾಗುವ ಸಂಭವವಿದೆ. ಅವುಗಳನ್ನು ಪೂರ್ತಿಯಾಗಿ ಮೇಲಕ್ಕೆತ್ತಿ ಕೂರಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಮೂರನೆಯದಾಗಿ, ಅಪಘಾತದಲ್ಲಿ ಹಾನಿಯಾದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿದರೆ ಅದರಿಂದ ಹೆಚ್ಚಾಗುವ ಹಾನಿಗೆ ಮಾಲೀಕರೇ ಹೊಣೆಯೆಂದು ವಿಮೆಯ ಷರತ್ತು ಹೇಳುತ್ತದೆ. ಮಳೆನೀರು ಹೊಕ್ಕ ಎಂಜಿನ್ನನ್ನು ಬಲವಂತವಾಗಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡಾಗಲೂ ಕ್ಲೇಮು ತಿರಸ್ಕೃತವಾಗುವ ಅಪಾಯವಿದೆ. ಹೇಗೋ ತಳ್ಳಿಕೊಂಡು ಹೋಗೋಣ ಎಂಬ ಸಲಹೆ ಅಂಥ ಹೊತ್ತಿನಲ್ಲಿ ದುಬಾರಿಯಾಗುತ್ತದೆ. ಆದ್ದರಿಂದ ಸ್ಥಳೀಯ ನಂಟು ಮತ್ತು ಕರಾರು ಒಂದನ್ನೊಂದು ತಳ್ಳಿಹಾಕಬೇಕಾಗಿಲ್ಲ. ಕರಾರು ತನ್ನ ಊರಿನ ಗ್ಯಾರೇಜನ್ನು ಒಪ್ಪುತ್ತದೆಯೇ ಎಂದು ನೋಡಿ ಎರಡನ್ನೂ ಜೊತೆಗೂಡಿಸುವುದು ಸರಿಯಾದ ದಾರಿ.

ನವೀಕರಣದ ಹೊತ್ತಿನಲ್ಲಿ ಆಗುವ ಮತ್ತೊಂದು ನಷ್ಟ ಒಂದೇ ಸೇವೆಗೆ ಎರಡು ಕಡೆ ಹಣ ಕಟ್ಟುವುದು. ಹೊಸ ಕಾರಿನ ಜೊತೆ ತಯಾರಕರು ಕೆಲವು ವರ್ಷಗಳ ರಸ್ತೆಬದಿ ನೆರವನ್ನು ಕೊಟ್ಟಿರುವುದುಂಟು. ವಾರಂಟಿ ವಿಸ್ತರಿಸಿದಾಗ ಅದೂ ವಿಸ್ತರಣೆಗೊಂಡಿರಬಹುದು. ಅದರ ಅವಧಿ ಮುಗಿದಿದೆಯೇ ಎಂದು ನೋಡದೆ ವಿಮೆಯಲ್ಲೂ ಅದನ್ನೇ ಸೇರಿಸುವುದು ವ್ಯರ್ಥ; ಅವಧಿ ಮುಗಿದ ಮೇಲೆ ಇದೆಯೆಂದೇ ನಂಬಿಕೊಂಡಿರುವುದು ಅದಕ್ಕಿಂತ ಅಪಾಯಕರ. ಆನ್‌ಲೈನ್‌ನಲ್ಲಿ ನವೀಕರಿಸುವವರು ಕೇಳದೆಯೇ ಟಿಕ್ ಆಗಿ ಬಂದ ಬಾಬ್ತುಗಳನ್ನು ಒಂದೊಂದಾಗಿ ನೋಡಬೇಕು. ಗ್ರಾಹಕರ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸರಕು ಅಥವಾ ಸೇವೆಯನ್ನು ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಬೇಡದ್ದನ್ನು ತೆಗೆಸುವ ಹಕ್ಕು ಗ್ರಾಹಕರದು. ಬೇಕಾದ್ದನ್ನು ಅರಿತು ಸೇರಿಸಿಕೊಳ್ಳುವ ಹೊಣೆಯೂ ಅವರದೇ.

ಹೊರಗಿಡುವ ಷರತ್ತುಗಳನ್ನೂ ಈ ಭಾಗದ ಬದುಕಿನ ಜೊತೆ ಇಟ್ಟು ಓದಬೇಕು. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದಾಗ ವಿಮೆಯೂ ನೆರವೂ ಕೈಕೊಡಬಹುದು, ಏಕೆಂದರೆ ಪಾಲಿಸಿಯಲ್ಲಿ ಬಳಕೆಯ ಉದ್ದೇಶ ಖಾಸಗಿ ಎಂದೇ ಬರೆದಿರುತ್ತದೆ. ವರ್ಷಕ್ಕೆ ಇಷ್ಟು ಬಾರಿ ಎಂಬ ಮಿತಿ, ಇಷ್ಟು ವರ್ಷಕ್ಕಿಂತ ಹಳೆಯ ಗಾಡಿಗಿಲ್ಲ ಎಂಬ ಮಿತಿ, ವಾಹನ ಸಂಚಾರಕ್ಕೆ ಯೋಗ್ಯವಲ್ಲದ ದಾರಿಗೆ ಬರುವುದಿಲ್ಲ ಎಂಬ ಮಾತು ಹಲವು ಕರಾರುಗಳಲ್ಲಿ ಕಾಣುತ್ತವೆ. ಜಮೀನಿನ ಮನೆಗೆ ಹೋಗುವ ಮಣ್ಣಿನ ದಾರಿ, ಹಾಡಿಯ ಕಡೆಗಿನ ಕಾಡುದಾರಿ ಅಂಥ ದಾರಿಗಳ ಲೆಕ್ಕಕ್ಕೆ ಸೇರುತ್ತವೆಯೇ ಎಂದು ಮೊದಲೇ ಕೇಳುವುದು ಲೇಸು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಮೋಟಾರು ವಾಹನ ಕಾಯ್ದೆಯ 157ನೆಯ ಕಲಂ ಹೇಳುವಂತೆ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಹಿಂದಿನ ಮಾಲೀಕರ ಹೆಸರಿನಲ್ಲಿರುವ ನೆರವಿನ ಕರಾರು ತಾನಾಗಿಯೇ ಬರುತ್ತದೆಂದು ಭಾವಿಸಬಾರದು.

ಕೇಳುವುದಕ್ಕೆ ಸರಿಯಾದ ಸಮಯ ನವೀಕರಣದ ಎರಡು ಮೂರು ವಾರ ಮೊದಲು, ಏಕೆಂದರೆ ವರ್ಷದಲ್ಲಿ ಕಂಪನಿಗೆ ಗ್ರಾಹಕರ ಒಪ್ಪಿಗೆ ಬೇಕಾಗಿರುವುದು ಆಗ ಮಾತ್ರ. ಆದರೆ ಈ ತಾಲೂಕುಗಳು ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳಿಂದ ಹಣ ಕೈಸೇರುವ ತಿಂಗಳುಗಳಲ್ಲಿ ಅಥವಾ ಆಯುಧಪೂಜೆಯ ಮುಂದೆ ಕಾರು ಕೊಂಡವರಿಗೆ ನವೀಕರಣವೂ ಕೆಲಸದ ಒತ್ತಡದ ದಿನಗಳಲ್ಲೇ ಬೀಳುತ್ತದೆ. ಅವಸರದಲ್ಲಿ ತಾರೀಖು ತಪ್ಪಿದರೆ ಸ್ವಂತ ಹಾನಿಯ ವಿಮೆಗೆ ಗಾಡಿಯ ತಪಾಸಣೆ ಬೇಕಾಗುತ್ತದೆ, 90 ದಿನ ಮೀರಿದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ, ಶೇ. 50ರವರೆಗೆ ಬೆಳೆಯುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಹಾಗಾಗಿ ಮುಂಚಿತವಾಗಿಯೇ ಸಹಾಯವಾಣಿಗೆ ಫೋನ್ ಮಾಡಿ, ತಮ್ಮ ಊರಿನ ಪಿನ್ ಕೋಡ್ ಹೇಳಿ, ಅಲ್ಲಿಗೆ ನೆರವು ಯಾವ ಪಟ್ಟಣದಿಂದ ಬರುತ್ತದೆ, ಫ್ಲಾಟ್‌ಬೆಡ್ ಇದೆಯೇ, ರಾತ್ರಿ ಬರುತ್ತಾರೆಯೇ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್ ಅಥವಾ ಮೆಸೇಜಿನಲ್ಲಿ ಪಡೆಯಬೇಕು. ಇದೇ ಕರೆ ಸೇವೆಯ ಮೊದಲ ಪರೀಕ್ಷೆಯೂ ಹೌದು; ಮಾರುವಾಗಲೇ ಹುಣಸೂರು ಎಲ್ಲಿದೆಯೆಂದು ತಿಳಿಯದವರು ಆಪತ್ತಿನಲ್ಲಿ ಪಂಚವಳ್ಳಿಯಂಥ ಹಳ್ಳಿಯನ್ನು ಹುಡುಕಿ ಬರುತ್ತಾರೆಂದು ನಂಬಲು ಆಧಾರವಿಲ್ಲ.

ಕರಾರು ಮುರಿದುಬಿದ್ದರೆ ಯಾರಲ್ಲಿಗೆ ಹೋಗಬೇಕೆಂಬುದೂ ಆಯ್ಕೆಯ ಭಾಗವೇ. ವಿಮೆಯ ಆ್ಯಡ್ ಆನ್ ಆಗಿ ಕೊಂಡ ನೆರವು ಪಾಲಿಸಿಯ ಅಂಗವಾದ್ದರಿಂದ, ಮೊದಲು ಕಂಪನಿಗೆ ದೂರು ಕೊಟ್ಟು, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಬೇರೆ ಸಂಸ್ಥೆಯಿಂದ ನೇರವಾಗಿ ಕೊಂಡ ಸೇವೆಗೆ ಆ ದಾರಿಯಿಲ್ಲ. ಅದಕ್ಕೆ 1915 ಗ್ರಾಹಕ ಸಹಾಯವಾಣಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗವೂ ಇವೆ. ನೆರವಿನವರು ಬರದೆ ಬೇರೆ ಲಾರಿ ಕರೆಸಬೇಕಾಗಿ ಬಂದರೆ, ಕರೆ ಮಾಡಿದ ಹೊತ್ತು, ದೂರಿನ ಸಂಖ್ಯೆ, ಕೊಟ್ಟ ಹಣದ ರಸೀದಿ ಇಟ್ಟುಕೊಂಡವರಿಗೆ ಮಾತ್ರ ಈ ದಾರಿಗಳು ಉಪಯೋಗಕ್ಕೆ ಬರುತ್ತವೆ. ರಾಷ್ಟ್ರೀಯ ಹೆದ್ದಾರಿಯ ಮೇಲಿನ ತೊಂದರೆಗೆ 1033, ಪ್ರಾಣಾಪಾಯವಿದ್ದರೆ 112 ಯಾವ ಕರಾರೂ ಇಲ್ಲದವರಿಗೂ ತೆರೆದಿವೆ ಎಂಬುದನ್ನು ಮರೆಯಬಾರದು.

ಒಬ್ಬೊಬ್ಬ ಮಾಲೀಕರ ಎಚ್ಚರದಿಂದ ಇಷ್ಟು ಸಾಧ್ಯ. ಆದರೆ ಒಂದು ಪಿನ್ ಕೋಡಿಗೆ ನೆರವು ಎಲ್ಲಿಂದ, ಸರಾಸರಿ ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬ ಮಾಹಿತಿಯನ್ನು ಗ್ರಾಹಕರು ಫೋನ್ ಮಾಡಿ ಬೇಡಿ ಪಡೆಯಬೇಕಾದ ಸ್ಥಿತಿಯೇ ಸರಿಯಲ್ಲ. ಈ ಲೆಕ್ಕ ಕಂಪನಿಗಳ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಪಾಲಿಸಿ ಮಾರುವ ಮೊದಲೇ ಪ್ರಕಟಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸುವುದು ನ್ಯಾಯ. ಒಂದೇ ದರ ಕಟ್ಟಿಸಿಕೊಂಡು ನಗರದವರಿಗೊಂದು, ಹಳ್ಳಿಯವರಿಗೊಂದು ಸೇವೆ ಕೊಡುವುದಾದರೆ ಹಳ್ಳಿಯ ಹಣದಿಂದ ನಗರದ ಸೌಕರ್ಯ ನಡೆದಂತಾಗುತ್ತದೆ. ಅಂಥ ನಿಯಮ ಬರುವವರೆಗೆ ತಾಲೂಕಿನ ಕಾರು ಚಾಲಕರ ಸಂಘಗಳು, ಸಹಕಾರ ಸಂಘಗಳು, ಗ್ಯಾರೇಜಿನವರು ಕೂಡಿ ಕಂಪನಿಗಳ ಜೊತೆ ಒಟ್ಟಾಗಿ ಮಾತಾಡಿ, ಹುಣಸೂರಿನಂಥ ನಡುವಣ ಪಟ್ಟಣದಲ್ಲಿ ಒಂದು ಫ್ಲಾಟ್‌ಬೆಡ್ ಲಾರಿಯನ್ನು ಒಪ್ಪಂದಕ್ಕೆ ತರಿಸಲು ಪ್ರಯತ್ನಿಸಬಹುದು. ಸದಸ್ಯರ ಚಂದಾದಿಂದ ಹುಟ್ಟಿದ ಸೇವೆಗೆ ಇದು ಹೊಸ ದಾರಿಯೇನೂ ಅಲ್ಲ. ಸಾವಿರ ಮಾಲೀಕರು ನವೀಕರಣದ ಮುನ್ನ ಒಂದೇ ಪ್ರಶ್ನೆ ಕೇಳಿದರೆ, ಉತ್ತರ ಇಲ್ಲದ ಕಂಪನಿ ಅದನ್ನು ಹುಡುಕಲೇಬೇಕಾಗುತ್ತದೆ.